ರೈಫಲ್‌ಗೆ ಟಾರ್ಚ್ ಮೌಂಟ್ ಮನೆಯಲ್ಲೇ ಮಾಡಬಹುದಾ?

ಟೆಕ್ಸಾಸ್‌ಗೆ ಬಂದು ಹಂದಿ ಶಿಕಾರಿಯ ಹುಚ್ಚು ಹಿಡಿಸಿಕೊಂಡ ಗೆಳೆಯರೆಲ್ಲ ಕೇಳುವುದು ಇದನ್ನೇ: ‘ಒಂದು ಟಾರ್ಚ್ ಹಿಡಿದು ನಿಲ್ಲಿಸುವುದಕ್ಕೆ ಅಂಗಡಿಯವನಿಗೆ ಅಷ್ಟು ದುಡ್ಡು ಯಾಕೆ ಕೊಡಬೇಕು? ಮನೆಯಲ್ಲೇ ಮಾಡಿಕೊಂಡರೆ ಆಗಲ್ವಾ?’

ಧಾರಾಳವಾಗಿ ಆಗುತ್ತದೆ. ಆದರೆ ಮೊದಲು ಕಾನೂನು. ಇಲ್ಲಿ ಕಾಡುಹಂದಿ ರೈತರಿಗೆ ದೊಡ್ಡ ಕಾಟ. 2019ರ ಸೆಪ್ಟೆಂಬರ್‌ನಿಂದ ಖಾಸಗಿ ಜಮೀನಿನಲ್ಲಿ, ಮಾಲೀಕರು ಒಪ್ಪಿದರೆ, ಹಂದಿ ಹೊಡೆಯಲು ರಾಜ್ಯದ ಶಿಕಾರಿ ಲೈಸೆನ್ಸ್ ಬೇಕಿಲ್ಲ. ಎಚ್-1ಬಿ ವೀಸಾದವರು ಮಾತ್ರ ಇದನ್ನು ನಂಬಿ ಹೊರಡಬೇಡಿ. ಫೆಡರಲ್ ಕಾನೂನು ನಿಮಗೆ ಬಂದೂಕು ಮುಟ್ಟಲು ಬಿಡುವುದಿಲ್ಲ. ಶಿಕಾರಿ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಹಾಗಾಗಿ ಲೈಸೆನ್ಸ್ ತಗೊಂಡೇ ಇಳಿಯಿರಿ. ರಜೆಗೆ ಊರಿಗೆ ಹೋದಾಗ ತೋಟದಲ್ಲಿ ಇದೇ ಆಟ ಆಡುವ ಯೋಚನೆ ಇದ್ದರೆ, 1972ರ ವನ್ಯಜೀವಿ ಕಾಯ್ದೆ ಇದೆ ಅನ್ನುವುದು ನೆನಪಿರಲಿ.

ಈಗ ಕೆಲಸಕ್ಕೆ ಬರೋಣ. ಬೇಕಾದ್ದು ಒಂದು ಇಂಚಿನ ಹಳೆಯ ಸ್ಕೋಪ್ ರಿಂಗ್, ಅಂದರೆ ಗುರಿ ನೋಡುವ ದುರ್ಬೀನನ್ನು ರೈಫಲ್‌ಗೆ ಬಿಗಿಯುವ ಬಳೆ. ಬಹಳಷ್ಟು ಟಾರ್ಚ್‌ಗಳ ಮೈ ಹೆಚ್ಚುಕಮ್ಮಿ ಅದೇ ಅಳತೆ, 25.4 ಮಿ.ಮೀ. ಸ್ವಲ್ಪ ಸಡಿಲವಾದರೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿ ಸುತ್ತಿ. ರಿಂಗ್ ಕೂರಿಸುವುದಕ್ಕೆ ಒಂದು ತುಂಡು ಪಿಕಟಿನಿ ರೈಲ್ (ಇಂಥ ಸಾಮಾನು ಸಿಕ್ಕಿಸಲು ಅಡ್ಡಡ್ಡ ಗಾಡಿ ಕೊರೆದ ಲೋಹದ ಪಟ್ಟಿ) ಬೇಕು.

ಎಲ್ಲರೂ ಎಡವುವುದು ಅದನ್ನು ಎಲ್ಲಿ ಕೂರಿಸಬೇಕು ಅನ್ನುವಲ್ಲಿ. ಹೋಸ್ ಕ್ಲಾಂಪ್ ಹಾಕಿ ನಳಿಗೆಗೇ ಬಿಗಿಯುತ್ತಾರೆ. ಗುಂಡು ಹಾರುವಾಗ ನಳಿಗೆ ನಡುಗುತ್ತದೆ. ಅದಕ್ಕೆ ಭಾರ ನೇತುಹಾಕಿದರೆ ಆ ನಡುಕ ಬದಲಾಗಿ ಗುಂಡು ಬೇರೆ ಕಡೆ ಬೀಳುತ್ತದೆ. ನಾನಂತೂ ನಳಿಗೆಯ ಕೆಳಗಿರುವ ರೈಫಲ್‌ನ ಮರದ ಭಾಗಕ್ಕೇ ಹಾಕುತ್ತೇನೆ, ಮುಂದಿನ ಕೈ ಹಿಡಿಯುವ ಜಾಗಕ್ಕಿಂತ ಮುಂದೆ, ಪಕ್ಕಕ್ಕೆ. ರೈಫಲ್ ಖಾಲಿ ಇದೆಯೇ ಅಂತ ಎರಡು ಸಲ ನೋಡಿ, ನಳಿಗೆಯನ್ನು ಮರದಿಂದ ಬಿಚ್ಚಿಟ್ಟು, ಮರಕ್ಕೆ ತೂತು ಕೊರೆದು ಸಣ್ಣ ಬೋಲ್ಟ್ ಹಾಕಿ ರೈಲ್ ಬಿಗಿಯಿರಿ. ಒಳಗಿನ ನಟ್ ಮರದಲ್ಲಿ ಹುದುಗಿರಬೇಕು. ನಳಿಗೆ ಮರಕ್ಕೆ ತಾಗದೆ ಕೂರುವ ರೈಫಲ್ ಆದರೆ, ಜೋಡಿಸಿದ ಮೇಲೆ ನಡುವೆ ಒಂದು ಡಾಲರ್ ನೋಟು ಎಳೆದು ನೋಡಿ. ಸರಾಗವಾಗಿ ಜಾರಿದರೆ ಸರಿ. ಸಿಕ್ಕಿಕೊಂಡರೆ ಬೋಲ್ಟ್ ಉದ್ದವಾಗಿದೆ, ಅರದಿಂದ ಉಜ್ಜಿ. ಕೊನೆಗೆ ಸ್ಕ್ರೂ ತಲೆಯಿಂದ ರಿಂಗಿನ ತನಕ ಉಗುರು ಬಣ್ಣದ ಒಂದು ಗೆರೆ ಎಳೆದುಬಿಡಿ. ಸ್ಕ್ರೂ ಸಡಿಲವಾದರೆ ಗೆರೆ ಮುರಿಯುತ್ತದೆ, ಬೆರಳಿಟ್ಟು ಅಲ್ಲಾಡಿಸಿ ನೋಡುವ ಗೋಜಿಲ್ಲ.

ಟಾರ್ಚ್ ಯಾವುದಾದರೂ ಆಗುತ್ತದಾ? ಇಲ್ಲ. ಗುಂಡು ಹಾರಿ ರೈಫಲ್ ಹಿಂದಕ್ಕೆ ಒದ್ದಾಗ ಒಳಗಿನ ಸೆಲ್ ಹಿಂದೆ ಮುಂದೆ ಸರಿದು, ಅಗ್ಗದ ಟಾರ್ಚ್ ಆ ಗಳಿಗೆಯಲ್ಲೇ ಆರುತ್ತದೆ. ಎರಡೂ ತುದಿಗೆ ಸ್ಪ್ರಿಂಗ್ ಇರುವುದನ್ನೇ ತಗೊಳ್ಳಿ. ಹಂದಿಗೆ ಕೆಂಪು ಬಣ್ಣ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಕೆಂಪು ಲೈಟ್. ಮೂಗಿನ ವಿಷಯ ಬೇರೆ, ಗಾಳಿ ನಿಮ್ಮ ಕಡೆಯಿಂದ ಬೀಸುತ್ತಿದ್ದರೆ ಯಾವ ಬಣ್ಣವೂ ನಿಮ್ಮನ್ನು ಕಾಪಾಡಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಹಣೆಗೊಂದು ಬೇರೆ ಲೈಟ್ ಇರಲೇಬೇಕು. ರೈಫಲ್‌ನ ಟಾರ್ಚ್ ಎತ್ತ ತಿರುಗುತ್ತದೋ ನಳಿಗೆಯೂ ಅತ್ತಲೇ ತಿರುಗುತ್ತದೆ. ಪೊದೆಯಲ್ಲಿ ಸದ್ದಾಯಿತು ಅಂತ ಅದರಿಂದ ಹುಡುಕಲು ಹೋದರೆ, ಅಲ್ಲಿರುವುದು ಜೊತೆಗೆ ಬಂದ ಗೆಳೆಯನೋ ಪಕ್ಕದ ರಾಂಚಿನ ಕರುವೋ ಆಗಿರಬಹುದು. ಹುಡುಕುವುದು ಹಣೆಯ ಲೈಟಿನಿಂದ. ಹಂದಿಯೇ ಅಂತ ಖಚಿತವಾಗಿ, ಅದರ ಹಿಂದೆ ಏನಿದೆ ಅಂತಲೂ ಗೊತ್ತಾದ ಮೇಲೆ ರೈಫಲ್ ಎತ್ತಿ. ಇದಕ್ಕೆ ಒಪ್ಪದವರಿಗೆ ನಾನು ಮೌಂಟ್ ಮಾಡಿಕೊಡುವುದಿಲ್ಲ.