ಡ್ರಾಪ್‌ಡೌನ್‌ನಲ್ಲಿ ಮೊದಲು ಕಂಡಿದ್ದನ್ನೇ ಒತ್ತಿದೆ

ಎಎಲ್‌ಟಿ, ಅಂದರೆ ಲಿವರ್‌ಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಎಂಜೈಮ್, 1,140. ಓಪಿಡಿಯಲ್ಲಿ ಆ ಅಂಕಿ ನೋಡಿದಾಗ ನನಗೆ ಗಾಬರಿಯೇ ಆಗಲಿಲ್ಲ. ಈಗ ನೆನೆದರೆ ಹೊಟ್ಟೆ ಕಿವುಚುತ್ತದೆ.

ಪೇಷಂಟ್ ನಮ್ಮ ಹಳಬರೇ. ಲಿಂಫೋಮಾ, ದುಗ್ಧಗ್ರಂಥಿಗಳ ಕ್ಯಾನ್ಸರ್. ರಿಟಕ್ಸಿಮ್ಯಾಬ್ ಸೇರಿದ ಆರ್-ಚಾಪ್ ಕೀಮೋ ಆರು ಸೈಕಲ್ ಮುಗಿದು ನಾಲ್ಕು ತಿಂಗಳಾಗಿತ್ತು, ಪೆಟ್ ಸ್ಕ್ಯಾನ್ ಕ್ಲೀನ್. ಊಟ ಸೇರುತ್ತಿಲ್ಲ, ಸುಸ್ತು ಅಂತ ಬಂದಿದ್ದರು. ಎರಡು ವಾರದ ಹಿಂದೆ ಹಲ್ಲುನೋವಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಆಂಟಿಬಯೋಟಿಕ್ ತಗೊಂಡಿದ್ದರಂತೆ. ನನಗೆ ಅಷ್ಟು ಸಾಕಾಯಿತು. ಆ ಮಾತ್ರೆಯದೇ ಕೆಲಸ ಅಂತ ತೀರ್ಮಾನಿಸಿ, ಮೂರು ದಿನ ಬಿಟ್ಟು ಎಲ್‌ಎಫ್‌ಟಿ (ಲಿವರ್ ಟೆಸ್ಟ್) ರಿಪೀಟ್ ಬರೆದೆ. ಬಾಗಿಲ ಹತ್ತಿರ ಮಗಳು ತಿರುಗಿ ನಿಂತು, "ಡಾಕ್ಟ್ರೇ, ಜಾಂಡೀಸ್ ಏನಾದ್ರೂ ಇರಬಹುದಾ?" ಅಂದರು.

"ಹೆಪಟೈಟಿಸ್ ಬಿ ಮೊದಲೇ ನೋಡಿದ್ದೀವಮ್ಮ, ನೆಗೆಟಿವ್."

ಮೂರನೇ ದಿನ ಕಣ್ಣು ಅರಿಶಿನದ ಹಾಗಿತ್ತು. ಕಾಮಾಲೆಯ ಅಳತೆಯಾದ ಬಿಲಿರುಬಿನ್ 9, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಅಂತ ಹೇಳುವ ಐಎನ್‌ಆರ್ 1.8, ಎರಡೂ ಜಾಸ್ತಿ. ಅಡ್ಮಿಟ್ ಮಾಡಿದೆವು. ಸಂಜೆ ರೌಂಡ್ಸ್‌ಗೆ ಬಂದ ಮೇಡಂ ಕೇಳಿದ ಮೊದಲ ಮಾತು, "ಕೀಮೋಗೆ ಮುಂಚಿನ ರಿಪೋರ್ಟ್ ತೆಗಿ. ಕೋರ್ ಆಂಟಿಬಾಡಿ?"

"ನೆಗೆಟಿವ್ ಮೇಡಂ."

"ಟೋಟಲ್ಲಾ?"

ಮೌಸ್ ಉರುಳಿಸಿದೆ. ಎಚ್‌ಬಿಎಸ್‌ಎಜಿ, ಅಂದರೆ ಹೆಪಟೈಟಿಸ್ ಬಿ ವೈರಸ್‌ನ ಮೇಲ್ಮೈ ಪ್ರೋಟೀನ್, ನೆಗೆಟಿವ್. ಕೆಳಗೆ ಆಂಟಿ-ಎಚ್‌ಬಿಸಿ, ಅಂದರೆ ಮೇಡಂ ಕೇಳಿದ ಕೋರ್ ಆಂಟಿಬಾಡಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಐಜಿಎಂ. ಆರ್ಡರ್ ಮಾಡಿದ್ದು ನನ್ನ ಲಾಗಿನ್‌ನಿಂದ. ಮತ್ತೆ ಮೇಲೆ ಹೋದೆ, ಮತ್ತೆ ಕೆಳಗೆ ಬಂದೆ, ಟೋಟಲ್ ಎಲ್ಲಾದರೂ ಅಡಗಿದೆಯೇನೋ ಅನ್ನೋ ಹಾಗೆ. ಮೇಡಂ ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಐಜಿಎಂ ಹೇಳುವುದು ಹೊಸ ಸೋಂಕಿನ ಸುದ್ದಿ. ಯಾವತ್ತೋ ಬಂದು ಹೋದ ಸೋಂಕಿನ ಗುರುತು ಸಿಗಬೇಕಾದರೆ ಹೊಸ, ಹಳೆಯ ಆಂಟಿಬಾಡಿ ಎರಡನ್ನೂ ಹಿಡಿಯುವ ಟೋಟಲ್ ಬೇಕು. ಎಚ್‌ಬಿಎಸ್‌ಎಜಿ ನೆಗೆಟಿವ್ ಆದವರಲ್ಲೂ ವೈರಸ್‌ನ ಡಿಎನ್‌ಎ ಲಿವರ್ ಕೋಶದ ನ್ಯೂಕ್ಲಿಯಸ್ ಒಳಗೆ ಸುಮ್ನೆ ಕೂತಿರಬಹುದು. ರಿಟಕ್ಸಿಮ್ಯಾಬ್ ರೋಗನಿರೋಧಕ ವ್ಯವಸ್ಥೆಯ ಬಿ ಕೋಶಗಳನ್ನು ಖಾಲಿ ಮಾಡುತ್ತದೆ, ವೈರಸ್ ಎದ್ದು ಹೆಚ್ಚುತ್ತದೆ. ಆಮೇಲೆ ರೋಗನಿರೋಧಕ ಶಕ್ತಿ ಚೇತರಿಸಿಕೊಂಡು ಸೋಂಕಿದ ಲಿವರ್ ಮೇಲೇ ಬೀಳುತ್ತದೆ. ಅದಕ್ಕೇ ಎಷ್ಟೋ ಸಲ ಈ ರಂಪ ಕೀಮೋ ಮುಗಿದು ಎಲ್ಲರೂ ಉಸಿರು ಬಿಟ್ಟ ಮೇಲೆ. 2013ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಔಷಧಿಯ ಲೇಬಲ್‌ಗೆ ಬಾಕ್ಸ್ ವಾರ್ನಿಂಗ್, ಅಂದರೆ ಅತಿ ಗಂಭೀರ ಎಚ್ಚರಿಕೆ, ಹಾಕಿಸಿದೆ. ಪರೀಕ್ಷೆಯಲ್ಲಿ ಇದನ್ನೇ ಎರಡು ಪುಟ ಬರೆದು ಪಾಸಾದವನು ನಾನು.

ಎಚ್‌ಬಿಎಸ್‌ಎಜಿ ಮತ್ತೆ ಕಳಿಸಿದೆವು, ಈ ಸಲ ಪಾಸಿಟಿವ್. ವೈರಲ್ ಲೋಡ್ ಬರೋವರೆಗೆ ಕಾಯದೆ ಅವತ್ತು ರಾತ್ರಿಯೇ ವೈರಸ್ ತಡೆಯುವ ಎಂಟೆಕಾವಿರ್ ಮಾತ್ರೆ ಶುರು. "ಖಾಲಿ ಹೊಟ್ಟೆಗೆ ಅಲ್ವಾ ಸರ್?" ಅಂತ ಸಿಸ್ಟರ್ ಕೇಳಿದರು. ಪೇಷಂಟ್ ಹೊಟ್ಟೆ ಎರಡು ದಿನದಿಂದ ಖಾಲಿಯೇ ಇತ್ತು.

ಟೋಟಲ್ ಪಾಸಿಟಿವ್ ಅಂತ ಮೊದಲೇ ಗೊತ್ತಿದ್ದಿದ್ದರೆ ಇದೇ ಮಾತ್ರೆಯನ್ನು ಕೀಮೋ ಜೊತೆಗೇ ಕೊಟ್ಟು, ರಿಟಕ್ಸಿಮ್ಯಾಬ್ ಮುಗಿದ ಮೇಲೂ ವರ್ಷಕ್ಕಿಂತ ಜಾಸ್ತಿ ಮುಂದುವರಿಸುತ್ತಿದ್ದೆವು. ದಿನಕ್ಕೊಂದು ಮಾತ್ರೆ, ಅಷ್ಟೇ.

ಮುಂದಿನ ಐದು ಬೆಳಗ್ಗೆ ನನ್ನ ಕೆಲಸ ಒಂದೇ. ಐಎನ್‌ಆರ್ ನೋಡುವುದು, ಎರಡೂ ಕೈ ಚಾಚಿಸಿ ನಡುಕ ಇದೆಯಾ ಅಂತ ನೋಡುವುದು, ಇವತ್ತು ಯಾವ ವಾರ ಅಂತ ಕೇಳುವುದು. ಲಿವರ್ ಕೈಕೊಟ್ಟರೆ ಮೆದುಳೂ ಮಂಕಾಗುತ್ತದಲ್ಲ. ಮೂರನೇ ದಿನ ಅವರು "ನಿಮಗೆ ಮರೆತು ಹೋಗುತ್ತಾ ಸರ್?" ಅಂದರು. ಆರನೇ ದಿನ ಐಎನ್‌ಆರ್ ಇಳಿಯಿತು. ಅಷ್ಟರಲ್ಲಿ ಮಗಳಿಗೆ ಎಲ್ಲ ಹೇಳಿದ್ದೆ. ಔಷಧಿಯ ಸೈಡ್ ಎಫೆಕ್ಟ್ ಅಂತ ಸುತ್ತಿ ಬಳಸಿ ಹೇಳಬಹುದಿತ್ತು, ಬಾಯಿಗೆ ಬಂದೂ ಇತ್ತು. ತಪ್ಪು ಟೆಸ್ಟ್ ಬರೆದಿದ್ದು ನಾನು ಅಂದೆ.

ಇನ್ನು ನಮ್ಮ ಕ್ವಾಲಿಟಿ ಮೀಟಿಂಗ್. ಅವರ ಶೀಟ್‌ನಲ್ಲಿ ಈ ಪೇಷಂಟ್ ಮುಂದೆ "ಹೆಪಟೈಟಿಸ್ ಸ್ಕ್ರೀನಿಂಗ್: ಆಗಿದೆ" ಅಂತ ಹಸಿರು ಬಣ್ಣ. ಡ್ರಾಪ್‌ಡೌನ್‌ನಲ್ಲಿ ಟೋಟಲ್ ಮೇಲೆ ಬರಲಿ ಅಂತ ಐಟಿಗೆ ಟಿಕೆಟ್ ಹಾಕಿದೆ. "ಯೂಸರ್ ಎರರ್" ಅಂತ ಕ್ಲೋಸ್ ಮಾಡಿದರು. ಸುಳ್ಳಲ್ಲ, ಅದಕ್ಕೇ ಇನ್ನೂ ಉರಿಯುತ್ತದೆ. ಈಗ ಮಾನಿಟರ್ ಅಂಚಿಗೆ ಮೈಕ್ರೋಪೋರ್ ಅಂಟಿಸಿ "ಟೋಟಲ್" ಅಂತ ಬರೆದಿದ್ದೇನೆ. ಹೌಸ್‌ಕೀಪಿಂಗ್‌ನವರು ಎರಡು ಸಲ ಕಿತ್ತಿದ್ದಾರೆ.

ಅವರು ಫಾಲೋಅಪ್‌ಗೆ ಬರುತ್ತಾರೆ, ಚೆನ್ನಾಗಿದ್ದಾರೆ. ರಿಪೋರ್ಟ್ ಮಾತ್ರ ಮೊದಲು ನನ್ನ ಕೈಗೆ ಬರುವುದಿಲ್ಲ. ಮಗಳು ಎದುರು ಕೂತು, ಬೆರಳಿಟ್ಟು ಸಾಲು ಸಾಲಾಗಿ ಓದಿ ಮುಗಿಸಿ, ಆಮೇಲೆ ಕೊಡುತ್ತಾರೆ.