ಬಿದಿರು ಪೈಪ್ ಅಲ್ಲ: ವರ್ಕ್‌ಶಾಪಿನಲ್ಲಿ ಸೈಕಲ್ ಫ್ರೇಮ್ ಕಟ್ಟಿಸುವ ಕೆಲಸ

ಮಲೆನಾಡಿನ ಒಂದು ಪಾಲಿಟೆಕ್ನಿಕ್‌ನಲ್ಲಿ ನಾನು ವರ್ಕ್‌ಶಾಪ್ ಬೋಧಕ. ಮೆಕ್ಯಾನಿಕಲ್ ವಿಭಾಗದ ಅಂತಿಮ ವರ್ಷದವರ ಪ್ರಾಜೆಕ್ಟ್ ಪಟ್ಟಿಯಲ್ಲಿ ಬಿದಿರಿನ ಸೈಕಲ್ ಆಗಾಗ ಕಾಣಿಸಿಕೊಳ್ಳುತ್ತದೆ. ತಂಡ ಬದಲಾದರೂ ಮೊದಲ ದಿನ ತರುವ ಡ್ರಾಯಿಂಗ್ ಬದಲಾಗುವುದಿಲ್ಲ: ಹೊರವ್ಯಾಸ 38 ಮಿಲಿಮೀಟರ್, ಗೋಡೆಯ ದಪ್ಪ 3 ಮಿಲಿಮೀಟರ್, ಉದ್ದಕ್ಕೂ ಒಂದೇ ಸಮ. ಕಂಪ್ಯೂಟರಿನಲ್ಲಿ ಉಕ್ಕಿನ ಪೈಪ್ ಬರೆದು, ಮೆಟೀರಿಯಲ್ ಎಂಬ ಜಾಗದಲ್ಲಿ ಬಿದಿರು ಎಂದು ತುಂಬಿರುತ್ತಾರೆ. ಅಂತಹ ಬಿದಿರು ಯಾವ ಮೆಳೆಯಲ್ಲೂ ಬೆಳೆಯುವುದಿಲ್ಲ. ಗಳ ಬುಡದಿಂದ ತುದಿಗೆ ಸಣ್ಣದಾಗುತ್ತ ಹೋಗುತ್ತದೆ, ಗೋಡೆ ತೆಳುವಾಗುತ್ತದೆ, ಗೆಣ್ಣಿನ ಬಳಿ ಉಬ್ಬುತ್ತದೆ, ಪೂರ್ತಿ ದುಂಡಗೆ ಇರುವುದೂ ಅಪರೂಪ.

ಆದ್ದರಿಂದ ಡ್ರಾಯಿಂಗಿನಲ್ಲಿ ಅಲುಗಾಡಬಾರದ ಅಳತೆಗಳನ್ನು ಮಾತ್ರ ಉಳಿಸಿಕೊಳ್ಳಲು ಹೇಳುತ್ತೇನೆ. ಹಿಂದಿನ ಅಚ್ಚಿನ ಕೇಂದ್ರ, ಪೆಡಲ್ ಅಚ್ಚಿನ ಎತ್ತರ, ಹ್ಯಾಂಡಲ್ ಕೂರುವ ಮುಂದಿನ ಕೊಳವೆಯಾದ ಹೆಡ್ ಟ್ಯೂಬಿನ ಕೋನ (72 ಡಿಗ್ರಿಯ ಆಸುಪಾಸು), ಸೀಟಿನ ಕೋನ, ಚಕ್ರದ ಜಾಗ. ಇವುಗಳನ್ನು ಪ್ಲೈವುಡ್ ಹಲಗೆಯ ಮೇಲೆ ಪೂರ್ಣ ಅಳತೆಯಲ್ಲಿ ಬರೆದು ಜಿಗ್ (ತುಂಡುಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಅಚ್ಚುಹಲಗೆ) ಮಾಡಿಕೊಳ್ಳುತ್ತೇವೆ. ಲೋಹದ ತುಂಡುಗಳು ಜಿಗ್‌ನಲ್ಲಿ ಬಿಗಿಯಾಗಿ ಕೂರುತ್ತವೆ. ಅವುಗಳ ನಡುವಿನ ಜಾಗವನ್ನು ಕೈಗೆ ಸಿಕ್ಕ ಬಿದಿರು ಹೇಗೆ ತುಂಬುತ್ತದೆ ಎಂಬುದನ್ನು ಗಳವನ್ನು ಕೈಯಲ್ಲಿ ಹಿಡಿದೇ ತೀರ್ಮಾನಿಸಬೇಕು.

ಇದು ಹೊಸ ವಿಚಾರವೇನಲ್ಲ. ಲಂಡನ್ನಿನಲ್ಲಿ 1894ರಲ್ಲೇ ಬಿದಿರಿನ ಸೈಕಲ್ ಮಾರುವ ಕಂಪನಿ ಇತ್ತು. ಉಕ್ಕಿನ ಕೊಳವೆ ಅಗ್ಗವಾದ ಮೇಲೆ ಅದು ಮರೆಗೆ ಸರಿಯಿತು. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ರೇಗ್ ಕ್ಯಾಲ್ಫೀ ಇದಕ್ಕೆ ಮತ್ತೆ ಜೀವ ಕೊಟ್ಟರು, ನಂತರ ಘಾನಾದಲ್ಲಿ ತಯಾರಿಕೆ ಬೆಳೆಯಿತು. ನನಗೆ ಹೆಚ್ಚು ಇಷ್ಟವಾಗುವುದು ಇಂಡೋನೇಷ್ಯಾದ ತೆಮಂಗುಂಗಿನಲ್ಲಿ ಸಿಂಗಿಹ್ ಕಾರ್ತೊನೊ ಅವರು ಮಾಡುವ ಸ್ಪೆಡಾಗಿ ಸೈಕಲ್. 2022ರಲ್ಲಿ ಇಂಡೋನೇಷ್ಯಾದ ಆಗಿನ ಅಧ್ಯಕ್ಷ ಜೋಕೊ ವಿಡೊಡೊ ಆಸ್ಟ್ರೇಲಿಯಾದ ಪ್ರಧಾನಿಯ ಜೊತೆ ತುಳಿದದ್ದು ಬಿದಿರಿನ ಸೈಕಲ್ಲನ್ನೇ. ಸ್ಪೆಡಾಗಿಯಲ್ಲಿ ಸಣ್ಣ ಗಳವನ್ನು ಪೈಪಿನಂತೆ ಬಳಸುವುದಿಲ್ಲ. ದೈತ್ಯ ಬಿದಿರನ್ನು ಸೀಳಿ, ದಪ್ಪ ಗೋಡೆಯ ಪಟ್ಟಿ ತೆಗೆದು, ಎರಡೆರಡನ್ನು ಜೋಡಿಸಿ ಅಂಟಿಸುತ್ತಾರೆ. ಅಲ್ಲಿ ಬೆಳೆಯುವ ಬಿದಿರಿಗೆ ತಕ್ಕ ವಿನ್ಯಾಸ ಅದು. ನಮ್ಮ ಬಿದಿರು ಬೇರೆ, ದಾರಿಯೂ ಬೇರೆಯೇ ಆಗಬೇಕು.

ನಮ್ಮ ಕಡೆ ಹೆಬ್ಬಿದಿರು ಧಾರಾಳ. ಆದರೆ ಫ್ರೇಮಿಗೆ ಅದು ವಿಪರೀತ ದಪ್ಪ. ಕಿರುಬಿದಿರು ನನಗೆ ಹೆಚ್ಚು ಒಪ್ಪಿಗೆ. ಒಣ ನೆಲದಲ್ಲಿ ಬೆಳೆದ ಕಿರುಬಿದಿರಿನ ಗೋಡೆ ಎಷ್ಟು ದಪ್ಪವೆಂದರೆ ಕೆಲವು ಗಳಗಳು ಒಳಗೆ ಬಹುತೇಕ ಗಟ್ಟಿಯಾಗಿಯೇ ಇರುತ್ತವೆ. ಹಿಂದಿನ ಚಕ್ರದ ಅಕ್ಕಪಕ್ಕ ಬರುವ ನಾಲ್ಕು ಸಣ್ಣ ಕೋಲುಗಳಿಗೆ ಇಂತಹದ್ದೇ ಬೇಕು. ಅಲ್ಲಿ ಟೈರಿಗೂ ಪೆಡಲಿನ ಹಲ್ಲುಚಕ್ರಕ್ಕೂ ನಡುವೆ ಜಾಗ ಬಹಳ ಕಡಿಮೆ. 20 ಮಿಲಿಮೀಟರಿನ ಆಸುಪಾಸಿನ ಕೋಲಿನಲ್ಲಿ ಪೂರ್ತಿ ಬಲ ಸಿಗಬೇಕು, ಪೊಳ್ಳು ಗಳ ಅಲ್ಲಿಗೆ ಆಗುವುದಿಲ್ಲ. ಕರಾವಳಿಯ ಮನೆಗಳ ಹಿತ್ತಿಲಲ್ಲಿ ಬೆಳೆಸುವ ಮುಳ್ಳಿಲ್ಲದ ಸಣ್ಣ ಬಿದಿರೂ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ.

ಗಳ ಆರಿಸುವ ವಿದ್ಯೆಯನ್ನು ನಾನು ಯಾವ ಕೈಪಿಡಿಯಿಂದಲೂ ಕಲಿತಿಲ್ಲ. ಊರಿನ ಮೇದಾರ ಕೇರಿಯ ಹಿರಿಯರೊಬ್ಬರು ಕಲಿಸಿದರು. ಎಳೆಯ ಗಳ ಕಡು ಹಸಿರು, ಮೈಮೇಲೆ ಬಿಳಿ ಪುಡಿ, ಗೆಣ್ಣಿನಲ್ಲಿ ಪೊರೆ ಇನ್ನೂ ಅಂಟಿಕೊಂಡಿರುತ್ತದೆ. ಮೂರು ವರ್ಷ ದಾಟಿದ್ದು ಬಣ್ಣ ಮಾಸಿ, ಅಲ್ಲಲ್ಲಿ ಬೂದು ಕಲೆ ಕಟ್ಟಿರುತ್ತದೆ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ದನಿ ಗಟ್ಟಿಯಾಗಿ ಬರುತ್ತದೆ. "ಮೇಷ್ಟ್ರೇ, ನಿಮ್ಮ ಹುಡುಗರು ಹಸಿರು ನೋಡಿ ಚಂದ ಎನ್ನುತ್ತಾರೆ. ಅದು ಬುಟ್ಟಿ ಹೆಣೆಯಲಿಕ್ಕೆ. ಭಾರ ಹೊರಲಿಕ್ಕೆ ಬಲಿತದ್ದೇ ಬೇಕು" ಎಂದರು. ಕಡಿಯುವುದು ಕೃಷ್ಣಪಕ್ಷದಲ್ಲೇ ಆಗಬೇಕು ಎಂಬುದು ಅವರ ನಿಯಮ. ಪಕ್ಷದ ಬಗ್ಗೆ ನಾನು ವಾದಕ್ಕೆ ಇಳಿಯುವುದಿಲ್ಲ. ಮಳೆಗಾಲ ಕಳೆದು ಚಳಿ ಹಿಡಿದ ಮೇಲೆ ಕಡಿಯಬೇಕು ಎಂಬ ಮಾತಿಗೆ ಮಾತ್ರ ಸ್ಪಷ್ಟ ಕಾರಣವಿದೆ: ಆಗ ಗಳದಲ್ಲಿ ಪಿಷ್ಟ ಕಡಿಮೆ, ಕುಟ್ಟೆ ಹುಳುವಿಗೆ ಆಹಾರವೂ ಕಡಿಮೆ.

ಆ ಹಿರಿಯರಿಂದ ಹತ್ತು ಗಳ ಕೊಳ್ಳಲು ಮೂರು ದರಪಟ್ಟಿ ತರಬೇಕು ಎಂದು ಕಚೇರಿಯವರು ಕೇಳಿದ್ದನ್ನು ಇಲ್ಲಿ ಹೇಳದೆ ಇರಲಾರೆ. ಮೇದಾರ ಕೇರಿಯಲ್ಲಿ ಜಿಎಸ್‌ಟಿ ಸಂಖ್ಯೆ ಕೇಳಿಕೊಂಡು ತಿರುಗಿದ ಮೊದಲ ಸರ್ಕಾರಿ ನೌಕರ ನಾನೇ ಇರಬೇಕು. ಈಗ ವಿದ್ಯಾರ್ಥಿಗಳ ಮನೆಯ ಜಮೀನಿನ ಅಂಚಿನಿಂದಲೇ ತರಿಸುತ್ತೇನೆ. 2017ರ ಕಾನೂನು ತಿದ್ದುಪಡಿಯಲ್ಲಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಕೈಬಿಟ್ಟಿದ್ದಾರೆ. ಕಾಡಿನ ಬಿದಿರಿನ ತಂಟೆಗೆ ಮಾತ್ರ ಹೋಗಕೂಡದು.

ಕೆಲಸದ ವೇಳಾಪಟ್ಟಿಯನ್ನೇ ತಲೆಕೆಳಗು ಮಾಡುವುದು ಒಣಗಿಸುವ ಹಂತ. ಗಳದ ಒಳಗಿನ ಗೆಣ್ಣುಗಳನ್ನು ಉದ್ದನೆಯ ಸರಳಿನಿಂದ ತೂತು ಮಾಡಿ, ಹುಳು ಹಿಡಿಯದಂತೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಮುಳುಗಿಸಿ, ತೆಗೆದು, ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ತಿಂಗಳುಗಟ್ಟಲೆ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಪ್ರಾಜೆಕ್ಟಿಗೆ ಸಿಗುವುದು ಒಂದು ಸೆಮಿಸ್ಟರ್, ಅದರಲ್ಲಿ ಅರ್ಧ ಒಪ್ಪಿಗೆ ಪಡೆಯುವುದರಲ್ಲೇ ಕಳೆಯುತ್ತದೆ. ಹೀಗಾಗಿ ಈ ವರ್ಷದ ತಂಡ ಕಡಿದು ಸಂಸ್ಕರಿಸಿದ ಗಳ ಮುಂದಿನ ವರ್ಷದ ತಂಡಕ್ಕೆ, ಇವರು ಬಳಸುವುದು ಹಿಂದಿನವರು ಬಿಟ್ಟುಹೋದದ್ದು. ತಾನು ಮುಟ್ಟದ ಸೈಕಲ್ಲಿಗೆ ಬಿದಿರು ಒಣಗಿಸಲು ಯಾವ ವಿದ್ಯಾರ್ಥಿಗೂ ಮೊದಲು ಮನಸ್ಸು ಬರುವುದಿಲ್ಲ. ಅಂಕದ ಪಟ್ಟಿಯಲ್ಲಿ ಅದಕ್ಕೊಂದು ಕಲಂ ಸೇರಿಸಿದೆ, ಮನಸ್ಸು ಬಂತು.

ಒಣಗಿದೆಯೇ ಎಂದು ತಿಳಿಯಲು ದುಬಾರಿ ಮೀಟರ್ ಬೇಕಿಲ್ಲ. ಗಳದ ಮೇಲೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ ಬರೆಯಬೇಕು. ತೂಕ ಇಳಿಯುವುದು ನಿಂತ ಮೇಲೆ ಅದು ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಆದರೆ ಯಾವ ಊರಿನ ಗಾಳಿ? ಮಲೆನಾಡಿನ ತೇವದಲ್ಲಿ ಹೊಂದಿಕೊಂಡ ಗಳವನ್ನು ಏಪ್ರಿಲ್‌ನಲ್ಲಿ ಬಳ್ಳಾರಿಗೋ ಕಲಬುರಗಿಗೋ ಒಯ್ದರೆ ಅಲ್ಲಿ ಇನ್ನಷ್ಟು ಕುಗ್ಗುತ್ತದೆ. ಫ್ರೇಮಿನ ತುಂಡುಗಳು ಕೂಡುವ ಕೀಲಿನೊಳಗೆ ಬಂಧಿಯಾದ ಗಳಕ್ಕೆ ಕುಗ್ಗಲು ಜಾಗವಿಲ್ಲ, ಸೀಳುತ್ತದೆ. ಉಕ್ಕಿನ ಪೈಪಿಗೆ ಈ ಚಿಂತೆ ಇಲ್ಲ. ಸೈಕಲ್ ಕೊನೆಗೆ ಎಲ್ಲಿ ಓಡಲಿದೆ ಎಂದು ಕೇಳಿಕೊಂಡೇ ಗಳ ಕತ್ತರಿಸಲು ಬಿಡುತ್ತೇನೆ. ಬಯಲುಸೀಮೆಗೆ ಹೋಗುವುದಾದರೆ ಬ್ಲೋ ಲ್ಯಾಂಪಿನ ಬೆಂಕಿಯಲ್ಲಿ ನಿಧಾನವಾಗಿ ತಿರುಗಿಸುತ್ತ ಕಾಯಿಸಿ ಇನ್ನಷ್ಟು ನೀರು ಹೊರಹಾಕಿಸುತ್ತೇನೆ.

ಕತ್ತರಿಸುವಾಗ ನೋಡುವುದು ಗೆಣ್ಣನ್ನು. ಬಿದಿರಿನ ನಾರುಗಳು ಉದ್ದಕ್ಕೆ ಎಳೆತ ತಡೆಯುವುದರಲ್ಲಿ ಅಸಾಧ್ಯ ಗಟ್ಟಿ, ಅಡ್ಡಕ್ಕೆ ಬಿಡಿಸಿಕೊಳ್ಳುವುದೂ ಅಷ್ಟೇ ಸುಲಭ. ಆ ಬಿಡಿಸಿಕೊಳ್ಳುವಿಕೆಯನ್ನು ತಡೆಯುವುದು ಗೆಣ್ಣು. ಆದ್ದರಿಂದ ಪ್ರತಿ ತುಂಡಿನ ಎರಡೂ ತುದಿಗೆ ಹತ್ತಿರದಲ್ಲಿ ಒಂದೊಂದು ಗೆಣ್ಣು ಬರುವಂತೆ ಗಳವನ್ನು ಹಿಂದೆಮುಂದೆ ಸರಿಸಿ ಗುರುತು ಹಾಕಬೇಕು. ಮೇಲಿನ ಅಡ್ಡಗಳಕ್ಕೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಉದ್ದ ಬೇಕು, ಪ್ರಕೃತಿ ಗೆಣ್ಣನ್ನು ಆ ಅಂತರಕ್ಕೆ ಇಟ್ಟಿರುವುದಿಲ್ಲ. ಹತ್ತು ಗಳದಲ್ಲಿ ಒಂದು ಫ್ರೇಮಿಗೆ ಸರಿಹೊಂದುವ ತುಂಡು ಸಿಕ್ಕರೆ ಸಂತೋಷ.

ಬಿದಿರಿನ ಸೈಕಲ್ ಎಂದ ಕೂಡಲೇ ಎಲ್ಲರೂ ಕೇಳುವುದು "ಬಿದಿರು ಮುರಿಯುವುದಿಲ್ಲವೇ?" ಎಂದು. ನನ್ನ ಕಣ್ಣು ಇರುವುದು ಕೀಲಿನ ಮೇಲೆ. ಬಿದಿರನ್ನು ಬೆಸುಗೆ ಹಾಕಲಾಗುವುದಿಲ್ಲ. ತುದಿಯನ್ನು ಅರದಿಂದ ಉಜ್ಜಿ ಮೀನಿನ ಬಾಯಿಯಂತೆ ಕೊರೆದು ಲೋಹದ ಕೊಳವೆಗೆ ಕೂರಿಸಿ, ಎಪಾಕ್ಸಿ (ರಾಳಕ್ಕೆ ಗಟ್ಟಿಕಾರಕ ಬೆರೆಸಿ ಮಾಡುವ ಅಂಟು) ಮತ್ತು ಮರದ ಹೊಟ್ಟಿನ ಮಿಶ್ರಣದಿಂದ ಹಿಡಿಸಿ, ಮೇಲೆ ನಾರಿನ ಸುತ್ತು ಹಾಕುತ್ತೇವೆ. ಇಲ್ಲಿ ಎರಡು ಸಂಗತಿಗಳನ್ನು ಪ್ರತಿ ತಂಡಕ್ಕೂ ಹೊಸದಾಗಿ ಹೇಳಬೇಕಾಗುತ್ತದೆ. ಬಿದಿರಿನ ಹೊರಸಿಪ್ಪೆ ಮೇಣ ಹಚ್ಚಿದಂತೆ ನುಣುಪು, ಎಪಾಕ್ಸಿ ಅದನ್ನು ಹಿಡಿಯುವುದಿಲ್ಲ. ಕೀಲು ಬರುವಷ್ಟು ಜಾಗದಲ್ಲಿ ಹೊಳಪು ಹೋಗುವ ತನಕ ಕೆರೆಯಬೇಕು. ಆದರೆ ಆಳಕ್ಕೆ ಕೆರೆಯಬಾರದು, ಏಕೆಂದರೆ ಅತ್ಯಂತ ದಟ್ಟವಾದ ನಾರು ಇರುವುದು ಸಿಪ್ಪೆಯ ಕೆಳಗೇ. ಲೋಹವನ್ನೂ ಒರಟು ಉಪ್ಪುಕಾಗದದಲ್ಲಿ ಉಜ್ಜಿ ಅಸಿಟೋನಿನಿಂದ ಒರೆಸಿದ ಮೇಲೆ ಬರಿ ಕೈಯಲ್ಲಿ ಮುಟ್ಟಬಾರದು.

ಇನ್ನೊಂದು, ಸುತ್ತುವ ದಿಕ್ಕು. ಹೊಸಬರು ಗಾಯಕ್ಕೆ ಬಟ್ಟೆ ಕಟ್ಟುವ ಹಾಗೆ ಗಳದ ಸುತ್ತ ಸುತ್ತುತ್ತಾರೆ. ನೋಡಲು ಅಂದ, ಆದರೆ ಗಳ ಕಳಚಿ ಹೊರಬರುವುದನ್ನು ಅದು ತಡೆಯುವುದಿಲ್ಲ. ನಾರು ಒಂದು ಗಳದ ಉದ್ದಕ್ಕೆ ಬಂದು, ಕೀಲನ್ನು ಓರೆಯಾಗಿ ಹಾದು, ಇನ್ನೊಂದು ಗಳದ ಮೇಲೆ ಹತ್ತಬೇಕು. ಕನ್ನಡದ ೪ರ ಆಕಾರದಲ್ಲಿ ದಾಟಿಸಿ ಎಂದರೆ ಹುಡುಗರಿಗೆ ಬೇಗ ಅರ್ಥವಾಗುತ್ತದೆ. ಅಡ್ಡ ಸುತ್ತು ಕೊನೆಯಲ್ಲಿ, ಒಳಗಿನದನ್ನು ಒತ್ತಿ ಹಿಡಿಯಲು ಮಾತ್ರ. ಅದರ ಮೇಲೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ ಎಳೆದು ಬಿಗಿದರೆ ಹೆಚ್ಚಿನ ಎಪಾಕ್ಸಿ ಹೊರಗೆ ಇಳಿಯುತ್ತದೆ. ಟ್ಯೂಬ್ ಪಂಕ್ಚರ್ ಅಂಗಡಿಯಲ್ಲಿ ಬಿಟ್ಟಿ ಸಿಗುತ್ತದೆ, ದರಪಟ್ಟಿಯ ಗೊಡವೆಯೂ ಇಲ್ಲ.

ನಾರಿನಲ್ಲಿ ಸೆಣಬು ಸುಲಭ. ತೆಂಗಿನ ನಾರು ಹಿಗ್ಗುವುದೇ ಹೆಚ್ಚು, ಕೀಲಿಗೆ ಬೇಡ. ಕತ್ತಾಳೆ ನಾರು ಗಟ್ಟಿ, ಆದರೆ ಬಿರುಸು, ಚೂಪು ಮೂಲೆಯಲ್ಲಿ ಬಾಗುವುದಿಲ್ಲ. ಸೆಣಬು ಗಾಳಿಯ ತೇವವನ್ನು ವಿಪರೀತ ಹೀರುವುದರಿಂದ ಬಳಸುವ ದಿನ ಬಿಸಿಲಿನಲ್ಲೋ ಓವನ್ನಿನಲ್ಲೋ ಒಣಗಿಸಿಯೇ ಅದ್ದಬೇಕು. ನಮ್ಮ ಜೂನ್‌–ಜುಲೈ ತಿಂಗಳಲ್ಲಿ ಎಪಾಕ್ಸಿ ಕೆಲಸವನ್ನೇ ಮಾಡಿಸುವುದಿಲ್ಲ. ಗಟ್ಟಿಕಾರಕ ತೇವದ ಜೊತೆ ಬೆರೆತು ಮೇಲ್ಮೈಯಲ್ಲಿ ಬಿಳಿಯ ಜಿಗುಟು ಪದರ ಕಟ್ಟುತ್ತದೆ. ಅದನ್ನು ನೀರಿನಿಂದ ತೊಳೆದು ಉಜ್ಜದೆ ಮುಂದಿನ ಸುತ್ತು ಹಾಕಿದರೆ ಎರಡು ಪದರ ಒಂದಕ್ಕೊಂದು ಕೂಡುವುದೇ ಇಲ್ಲ. ಅನುಪಾತ ತೂಕದ್ದು, ಅಂದಾಜಿನದ್ದಲ್ಲ. ನಾವು ಬಳಸುವ ಬಗೆಗೆ ನೂರು ಗ್ರಾಂ ರಾಳಕ್ಕೆ ಹತ್ತು ಗ್ರಾಂ ಗಟ್ಟಿಕಾರಕ. ಒಂದೇ ಲೋಟದಲ್ಲಿ ಹೆಚ್ಚು ಕಲಸಿದರೆ ಕಾದು ಹೊಗೆಯಾಡುತ್ತದೆ. ಕೈಗವಸು, ಉಜ್ಜುವಾಗ ಮಾಸ್ಕ್, ಇದರಲ್ಲಿ ರಿಯಾಯಿತಿ ಇಲ್ಲ.

ಸೀಟಿನ ಕಂಬವನ್ನು ನೇರವಾಗಿ ಬಿದಿರಿಗೆ ಬಿಗಿದರೆ ಗಳ ಸೀಳುತ್ತದೆ, ಒಳಗೆ ಲೋಹದ ತೋಳು ಕೂರಿಸಬೇಕು. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕ್ ಯಾವತ್ತಿಗೂ ಅಂಗಡಿಯ ಉಕ್ಕಿನದೇ. ಪ್ರತಿ ತಂಡದಲ್ಲಿ ಒಬ್ಬರಾದರೂ ಅದನ್ನೂ ಬಿದಿರಿನಲ್ಲಿ ಮಾಡೋಣ ಸರ್ ಎನ್ನುತ್ತಾರೆ. ಫೋರ್ಕ್ ಬಿಟ್ಟುಕೊಂಡರೆ ಸವಾರನ ಮುಖ ಮೊದಲು ನೆಲ ಮುಟ್ಟುತ್ತದೆ ಎಂದು ಹೇಳಿ ಮಾತು ಮುಗಿಸುತ್ತೇನೆ.

ಹೊರಗಿನಿಂದ ಬರುವ ಪರೀಕ್ಷಕರು ಸಾಮಾನ್ಯವಾಗಿ ತೂಕ ಕೇಳುತ್ತಾರೆ. ಫ್ರೇಮ್ ಎರಡರಿಂದ ಮೂರು ಕಿಲೋ ಬರುತ್ತದೆ, ಮಾರುಕಟ್ಟೆಯ ಅಲ್ಯೂಮಿನಿಯಂ ಫ್ರೇಮಿಗಿಂತ ಹಗುರವೇನಲ್ಲ. ಕೆಟ್ಟ ರಸ್ತೆಯಲ್ಲಿ ಕೈಗೆ ತಟ್ಟುವ ನಡುಕ ಕಡಿಮೆ, ಅದು ನಿಜವಾದ ಲಾಭ. ಆದರೆ ನಾನು ಅಂಕ ಕೊಡುವುದು ಕೀಲಿನ ಅಡ್ಡಸೀಳಿಕೆ ನೋಡಿ. ಪ್ರತಿ ತಂಡವೂ ಒಂದು ಹೆಚ್ಚುವರಿ ಕೀಲು ಮಾಡಬೇಕು, ಅದನ್ನು ಗರಗಸದಲ್ಲಿ ನಡುವೆ ಕೊಯ್ಯಬೇಕು. ನಾರಿನ ಪದರದಲ್ಲಿ ಗುಳ್ಳೆ, ಒಣ ಜಾಗ, ಬಿದಿರಿನಿಂದ ಬಿಟ್ಟ ಗೆರೆ, ಎಲ್ಲವೂ ಅಲ್ಲಿ ಕಾಣುತ್ತದೆ. ಹೊರಗಿನ ಪಾಲಿಶ್ ಏನನ್ನೂ ಮುಚ್ಚಲಾರದು.

ಸೈಕಲ್ ಒಯ್ಯುವವರಿಗೆ ಒಂದು ಹಾಳೆ ಬರೆದು ಕೊಡುತ್ತೇವೆ. ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಬಿಡಬೇಡಿ: ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿ 60 ಡಿಗ್ರಿಯ ಆಸುಪಾಸಿನಲ್ಲಿ ಮೆದುವಾಗತೊಡಗುತ್ತದೆ. ವಾರ್ನಿಷ್ ಎದ್ದರೆ ಮಳೆಗಾಲಕ್ಕೆ ಮುಂಚೆ ಮತ್ತೆ ಬಳಿಯಿರಿ. ಗಳದ ಉದ್ದಕ್ಕೆ ಕೂದಲೆಳೆಯ ಬಿರುಕು ಕಂಡು, ಅದು ಗೆಣ್ಣು ದಾಟಿರದಿದ್ದರೆ, ತೆಳು ಅಂಟು ಇಳಿಸಿ ಓಡಿಸಬಹುದು. ಕೀಲಿನ ಅಂಚಿನಲ್ಲಿ ಬಿಳಿ ಗೆರೆ ಕಂಡರೆ, ಇಲ್ಲವೇ ನಾಣ್ಯದಿಂದ ತಟ್ಟಿದಾಗ ಒಂದು ಕೀಲು ಮಾತ್ರ ಮಂಕು ದನಿ ಕೊಟ್ಟರೆ, ಅಲ್ಲಿಂದಲೇ ಇಳಿದು ತಳ್ಳಿಕೊಂಡು ಬನ್ನಿ.