ಒಂದಕ್ಷರದ ದೋಷ

ಮಂಗಳೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ದ್ವಿತೀಯ ಪಿಯುಸಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಆ ವರ್ಷ ಉತ್ಪರಿವರ್ತನೆಯ, ಅಂದರೆ ಡಿಎನ್‌ಎಯ ಅಕ್ಷರಗಳು ಬದಲಾಗುವುದರ, ಪಾಠ ಆಟಿಯ ಮಳೆಯಲ್ಲಿ ಬಂತು. ಶೀಟಿನ ಮಾಡಿನ ಮೇಲೆ ಮಳೆ ಬಡಿಯತೊಡಗಿದರೆ ನನ್ನ ದನಿ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ಎಲ್ಲವನ್ನೂ ಹಲಗೆಯ ಮೇಲೆ ಬರೆದೇ ತೋರಿಸಬೇಕು.

ಡಿಎನ್‌ಎಯ ಅಕ್ಷರಗಳನ್ನು ಜೀವಕೋಶ ಮೂರು ಮೂರಾಗಿ ಓದುತ್ತದೆ, ಪ್ರತಿ ಮೂರಕ್ಕೆ ಪ್ರೋಟೀನಿನ ಒಂದು ಅಮೈನೋ ಆಮ್ಲ. ಅದನ್ನು ತೋರಿಸಲು ಮೂರು ಮೂರು ಅಕ್ಷರದ ಇಂಗ್ಲಿಷ್ ಪದಗಳ ವಾಕ್ಯವೊಂದು ಪುಸ್ತಕದಲ್ಲಿದೆ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಅದು ಸಪ್ಪೆ. ಹಾಗಾಗಿ ನಾನು ಬರೆದೆ: ‘ಕಮಲ ಬಸಳೆ ಬೆಳೆದು ತಂದಳು.’ ಕೂಡಲೇ ಒಬ್ಬ ಹುಡುಗ ಎದ್ದು, “ತಂ ಗುರುವಲ್ಲವೇ ಮೇಡಂ, ಎರಡು ಮಾತ್ರೆ” ಎಂದ. ಇಲ್ಲಿ ಪ್ರಸ್ತಾರ ಹಾಕುವುದು ಬೇಡ, ಡಿಎನ್‌ಎಗೆ ಗುರುವೂ ಇಲ್ಲ ಲಘುವೂ ಇಲ್ಲ ಎಂದು ಕೂರಿಸಿದೆ.

‘ಬೆ’ ಅಳಿಸಿ ‘ತೊ’ ಬರೆದೆ. ಕಮಲ ಬಸಳೆ ತೊಳೆದು ತಂದಳು. ಅರ್ಥ ಬೇರೆಯಾಯಿತು, ವಾಕ್ಯ ಉಳಿಯಿತು. ಮತ್ತೆ ಮೊದಲಿನಂತೆ ಬರೆದು ‘ಬ’ ಒಂದನ್ನು ತೆಗೆದೆ. ಮೂರು ಮೂರಾಗಿಯೇ ಓದಬೇಕು ಎಂದಾಗ ‘ಕಮಲ ಸಳೆಬೆ ಳೆದುತಂ ದಳು’ ಎಂದು ಇಡೀ ತರಗತಿ ಕೂಗಿ ನಕ್ಕಿತು. ಬಸಳೆಯನ್ನೇ ಪೂರ್ತಿ ಅಳಿಸಿದಾಗ ಉಳಿದ ಪದಗಳು ನೆಟ್ಟಗೆ ನಿಂತವು. “ಹಾಗಾದರೆ ಮೂರು ಹೋದರೆ ತೊಂದರೆಯಿಲ್ಲ!” ಎಂದಿತು ಒಂದು ದನಿ. ಬಸಳೆಯೇ ಇಲ್ಲದ ಮೇಲೆ ಗಸಿ ಎಲ್ಲಿಂದ? ಶ್ವಾಸಕೋಶವನ್ನು ಕಾಡುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಅತಿ ಹೆಚ್ಚು ಕಾಣುವ ಬದಲಾವಣೆ ಇಂಥದ್ದೇ. ಮೂರು ಅಕ್ಷರ ಹೋಗಿ, ಪ್ರೋಟೀನಿನ 508ನೆಯ ಅಮೈನೋ ಆಮ್ಲ ಇಲ್ಲವಾಗುತ್ತದೆ.

ಇಲ್ಲಿಯವರೆಗೆ ಪಾಠ ನನ್ನ ಕೈಯಲ್ಲಿತ್ತು. ಮುಂದೆ, ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಕುಡಗೋಲು ಕಣ ರಕ್ತಹೀನತೆಗೆ ಬಂದೆ. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು. ಡಿಎನ್‌ಎಯಲ್ಲಿ ಜಿಎಜಿ ಎಂಬ ಮೂರು ಅಕ್ಷರ ಇದ್ದಲ್ಲಿ ಜಿಟಿಜಿ ಆಗಿ, ಆರನೆಯ ಸ್ಥಾನದ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬರುತ್ತದೆ. “ಒಂದೇ ಅಕ್ಷರದ ದೋಷ, ನೋಡಿ” ಎಂದೆ. ಹಾಗೆ ಎಷ್ಟು ವರ್ಷ ಹೇಳಿದ್ದೆನೋ.

ಮಧ್ಯಾಹ್ನ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಕೊಡೆ ಮಡಚುತ್ತಾ ನಿಂತಿದ್ದಳು. “ದೋಷ ಅಂದರೆ ಯಾರದ್ದು ಮೇಡಂ? ಅಮ್ಮನದ್ದಾ?” ಅವಳ ತಮ್ಮನಿಗೆ ಬೀಟಾ ಥಲಸ್ಸೇಮಿಯಾ, ಮೈಯಲ್ಲಿ ಹಿಮೋಗ್ಲೋಬಿನ್ ಸಾಕಷ್ಟು ಆಗದ ಕಾಯಿಲೆ. ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಮನೆಯಲ್ಲಿ ಪ್ರಶ್ನೆ ಇಟ್ಟು ನೋಡಿಯಾಗಿತ್ತು, ನಾಗನಿಗೆ ತಂಬಿಲವೂ ಆಗಿತ್ತು. ನೆಂಟರ ಬೆರಳು ಮಾತ್ರ ತಾಯಿಯ ಕಡೆಗೇ. ನಮ್ಮ ಊರಿನಲ್ಲಿ ದೋಷ ಎಂದರೆ ಅದನ್ನು ತಂದವರೊಬ್ಬರು ಇರಲೇಬೇಕು. ಅದೇ ಪದವನ್ನು ನಾನು ಹಲಗೆಯ ಮುಂದೆ ನಿಂತು, ವಿಜ್ಞಾನದ ಹೆಸರಿನಲ್ಲಿ ಹೇಳಿದ್ದೆ.

ಹಾಳೆಯೊಂದರಲ್ಲಿ ಚೌಕ ಬರೆದು ತೋರಿಸಿದೆ. ಇದೂ ಬೀಟಾ ಸರಪಳಿಯನ್ನು ಕಟ್ಟಿಸುವ ಅದೇ ಬೀಟಾ ಗ್ಲೋಬಿನ್ ಜೀನ್. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ಇಬ್ಬರಲ್ಲೂ ಬದಲಾದ ಜೀನಿನ ಒಂದೊಂದು ಪ್ರತಿ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ತಮ್ಮಲ್ಲಿ ಅದು ಇದೆಯೆಂದು ಅವರಿಗೇ ಗೊತ್ತಿರುವುದಿಲ್ಲ. ಅವಳು ಆ ಹಾಳೆಯನ್ನು ಕೇಳಿ ತೆಗೆದುಕೊಂಡು ಹೋದಳು.

ಮರುದಿನ ತರಗತಿಯಲ್ಲಿ, ನಿನ್ನೆ ನಾನು ಬಳಸಿದ ಒಂದು ಪದ ಸರಿಯಿರಲಿಲ್ಲ ಎಂದಷ್ಟೇ ಹೇಳಿ, ಕುಡಗೋಲು ಕಣದ ಉಳಿದ ಕತೆಗೆ ಬಂದೆ. ಆ ಬದಲಾದ ಜೀನಿನ ಒಂದೇ ಪ್ರತಿ ಇದ್ದವರಿಗೆ ತೀವ್ರ ಮಲೇರಿಯಾದಿಂದ ಸಾಕಷ್ಟು ರಕ್ಷಣೆ ಸಿಗುತ್ತದೆ. ಮಂಗಳೂರಿನ ಮಕ್ಕಳಿಗೆ ಮಲೇರಿಯಾ ಎಂದರೇನೆಂದು ವಿವರಿಸಬೇಕಾಗಿಲ್ಲ. ಇದನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿದೆ. ಮಾತ್ರೆ ಎಣಿಸಿದ ಹುಡುಗನೂ ಸುಮ್ಮನಿದ್ದ.

ಆ ಸಂಜೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ದೋಷ’ ಇದ್ದಲ್ಲೆಲ್ಲ ಗೆರೆ ಎಳೆದು ‘ಬದಲಾವಣೆ’ ಎಂದು ಬರೆದೆ. ಆದರೂ ಕಿರುಪರೀಕ್ಷೆಯಲ್ಲಿ ಒಂದಿಬ್ಬರು ‘ಉತ್ಪರಿವರ್ತನೆ ಎಂದರೆ ಡಿಎನ್‌ಎಯಲ್ಲಿನ ದೋಷ’ ಎಂದೇ ಬರೆದಿದ್ದರು. ಹೇಳಿಕೊಟ್ಟವಳು ನಾನೇ, ಪದವನ್ನು ತಿದ್ದಿ, ಅಂಕ ಪೂರ್ತಿ ಕೊಟ್ಟೆ.